ಹೃದಯದ ವಿಗ್ರಹವಾಕ್ಯ

ಸಭಾಪಾಲಕರೇ, ಸಭೆಯ ಹಿರಿಯರೇ, ಸಂಡೇ ಸ್ಕೂಲ್ ಶಿಕ್ಷಕರೇ,

ಪಾಪದ ಬೇರು ವಿಗ್ರಹಾರಾಧನೆ ಎಂಬ ಮಾತನ್ನು ಆಪ್ತ ಸಮಾಲೋಚನೆಯಲ್ಲಿ ಬಳಸುವುದು ಹೇಗೆ ಎಂಬುದು ಇವತ್ತಿನ ವಿಷಯ. ಹೈಸ್ಕೂಲಿನ ಕನ್ನಡ ವ್ಯಾಕರಣದಿಂದ ಶುರು ಮಾಡೋಣ. ಎರಡು ಪದ ಕೂಡಿ ಆದ ‘ಬೆಟ್ಟದಾವರೆ’ ಎಂಬ ಸಮಾಸಪದವನ್ನು ‘ಬೆಟ್ಟದ ತಾವರೆ’ ಎಂದು ಬಿಡಿಸಿ ಬರೆದರೆ ಅದು ವಿಗ್ರಹವಾಕ್ಯ. ಹಿಂದಿನ ಅರಸರ ಆಸ್ಥಾನದಲ್ಲಿ ಸಂಧಿವಿಗ್ರಹಿ ಎಂಬ ಮಂತ್ರಿ ಇರುತ್ತಿದ್ದ. ಅಲ್ಲಿ ಸಂಧಿಯೆಂದರೆ ಒಪ್ಪಂದ, ವಿಗ್ರಹವೆಂದರೆ ಜಗಳ, ಯುದ್ಧ. ಮೂರನೆಯ ಅರ್ಥ ಮೂರ್ತಿ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬಿಡಿಸುವುದು, ಜಗಳ, ಮೂರ್ತಿ. ಆಪ್ತ ಸಮಾಲೋಚನೆಗೆ ಕೂರುವವನಿಗೆ ಈ ಮೂರೂ ಬೇಕು. ಜಗಳ ಕಂಡಲ್ಲಿ ಅದರ ಹಿಂದೆ ಮೂರ್ತಿ ಉಂಟೋ ಎಂದು ನೋಡಬೇಕು, ನೋಡಬೇಕಾದರೆ ಎದುರಿಗಿರುವವರ ಮಾತನ್ನು ಬಿಡಿಸಬೇಕು. ಇಂಥ ಅನುಕೂಲ ಇಂಗ್ಲಿಷಿನಲ್ಲಿ ಓದಿದ ದೈವಶಾಸ್ತ್ರಕ್ಕೆ ಇಲ್ಲ, ನಮ್ಮ ಭಾಷೆಗೆ ಉಂಟು.

ಮಂಗಳೂರಿನಲ್ಲಿ ಈ ಪದಕ್ಕೆ ಭಾರ ಸ್ವಲ್ಪ ಜಾಸ್ತಿಯೇ. 1834ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಬಂದಿಳಿದಾಗಿನಿಂದ ನಮ್ಮ ಪ್ರಸಂಗಪೀಠದ ಬೆರಳು, ವಿಗ್ರಹ ಎಂದಾಗಲೆಲ್ಲ, ಹೆಚ್ಚಾಗಿ ಹೊರಗಿನವರ ಕಡೆಗೇ ಹೋಗಿದೆ. ಇವತ್ತಿನ ವಿಷಯ ಅದಲ್ಲ. ಪಕ್ಕದ ಮನೆಯವರ ದೇವರಕೋಣೆಯ ಬಗ್ಗೆ ನನ್ನಲ್ಲಿ ಒಂದು ಮಾತೂ ಇಲ್ಲ. ಯೆಹೆಜ್ಕೇಲನ 14ನೇ ಅಧ್ಯಾಯ ತೆರೆದು ನೋಡಿ. ಪ್ರವಾದಿಯ ಮುಂದೆ ಬಂದು ಕೂತವರು ಅನ್ಯರಲ್ಲ, ಇಸ್ರಾಯೇಲಿನ ಹಿರಿಯರು. ಬಾಬಿಲೋನಿನ ಸೆರೆಯಲ್ಲಿದ್ದವರು, ದೇವರ ಮಾತು ಕೇಳಲಿಕ್ಕೆಂದೇ ಬಂದವರು. ಅವರ ಕೈಯಲ್ಲಿ ಮೂರ್ತಿ ಇತ್ತೆಂದು ಅಲ್ಲಿ ಬರೆದಿಲ್ಲ. ಇವರು ವಿಗ್ರಹಗಳನ್ನು ಹೃದಯದಲ್ಲೇ ಇಟ್ಟುಕೊಂಡಿದ್ದಾರೆ ಎಂದು ದೇವರು ಪ್ರವಾದಿಗೆ ಹೇಳುತ್ತಾನೆ. ಅಂದರೆ ಸಮಸ್ಯೆ ಮುಂದಿನ ಬೆಂಚಿನದ್ದು.

ಮಾರ್ಟಿನ್ ಲೂಥರ್ 1529ರ ದೊಡ್ಡ ಧರ್ಮಬೋಧೆಯಲ್ಲಿ ಮೊದಲನೆಯ ಆಜ್ಞೆಯನ್ನು (ನಾನಲ್ಲದೆ ನಿನಗೆ ಬೇರೆ ದೇವರುಗಳು ಇರಬಾರದು) ವಿವರಿಸುವಾಗ ಇದನ್ನು ಇನ್ನೂ ಸರಳ ಮಾಡಿದ: ನಿನ್ನ ಹೃದಯ ಯಾವುದಕ್ಕೆ ಅಂಟಿಕೊಂಡು ಅದನ್ನೇ ನೆಚ್ಚಿಕೊಂಡಿದೆಯೋ ಅದೇ ನಿನ್ನ ದೇವರು. ಪೌಲ ಕೊಲೊಸ್ಸೆಯವರಿಗೆ ಬರೆಯುವಾಗ (3:5) ಲೋಭವನ್ನೇ ವಿಗ್ರಹಾರಾಧನೆ ಎಂದು ಕರೆದ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಪಾಪಗಳ ಉದ್ದ ಪಟ್ಟಿ ಬರುವುದಕ್ಕೆ ಮೊದಲು ಒಂದು ಅದಲುಬದಲಿನ ಮಾತು ಬರುತ್ತದೆ, ಸೃಷ್ಟಿಕರ್ತನ ಬದಲಿಗೆ ಸೃಷ್ಟಿಯನ್ನು ಸೇವಿಸಿದರು ಎಂದು. ಪಟ್ಟಿ ಆಮೇಲಿನದು, ಅದಲುಬದಲು ಮೊದಲಿನದು. ಪಾಪದ ಬೇರು ವಿಗ್ರಹಾರಾಧನೆ ಎನ್ನುವುದು ಈ ಅರ್ಥದಲ್ಲಿ.

ಆದರೆ ‘ಬೇರು’ ಎಂಬುದನ್ನು ಗಣಿತದ ಸೂತ್ರ ಮಾಡಿಕೊಳ್ಳಬೇಡಿ. ಪ್ರಾಚೀನ ಸಭೆಯ ಗುರು ಆಗಸ್ಟೀನ್ ಪಾಪದ ಮೂಲವನ್ನು ಗರ್ವದಲ್ಲಿ ಕಂಡ. ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ಹಣದಾಸೆಯನ್ನು ಬೇರು ಎಂದಿದೆ. ಬೈಬಲ್ಲಿನಲ್ಲಿ ಚಿತ್ರಗಳು ಹಲವು. ವಿಗ್ರಹದ ಚಿತ್ರ ಸಮಾಲೋಚನೆಗೆ ಒದಗುವುದು ಏಕೆಂದರೆ ಅದು ‘ಏನು ತಪ್ಪು ಮಾಡಿದೆ’ ಎಂಬಲ್ಲಿಗೆ ನಿಲ್ಲುವುದಿಲ್ಲ. ‘ಯಾವುದನ್ನು ಅಷ್ಟು ಪ್ರೀತಿಸಿದೆ, ಯಾವುದಕ್ಕೆ ಅಷ್ಟು ಹೆದರಿದೆ’ ಎಂದು ಕೇಳಿಸುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಆಸೆಯ ಬಗ್ಗೆ. ಹೊಸ ಒಡಂಬಡಿಕೆಯಲ್ಲಿ ದುರಾಶೆಗೆ ಬರುವ ಗ್ರೀಕ್ ಪದ ಎಪಿಥುಮಿಯಾ. ಇದೇ ಪದವನ್ನು ಲೂಕ 22:15ರಲ್ಲಿ ಯೇಸು ತನ್ನ ಬಗ್ಗೆಯೇ ಬಳಸುತ್ತಾನೆ, ಶಿಷ್ಯರ ಜೊತೆ ಪಸ್ಕದ ಊಟ ಮಾಡಬೇಕೆಂಬ ತೀವ್ರ ಆಸೆಗೆ. ಹಾಗಾದರೆ ಆಸೆಯ ತೀವ್ರತೆ ತಾನಾಗಿ ಪಾಪವಲ್ಲ. ಹಿತ್ತಾಳೆಯ ಸರ್ಪವನ್ನು ನೆನಪಿಸಿಕೊಳ್ಳಿ. ಅರಣ್ಯಕಾಂಡ 21ರಲ್ಲಿ ಅದನ್ನು ಮಾಡಿಸಿದವನು ದೇವರೇ, ಹಾವು ಕಚ್ಚಿದವರು ಅದನ್ನು ನೋಡಿ ಬದುಕಿಕೊಂಡರು. ಶತಮಾನಗಳು ಕಳೆದ ಮೇಲೆ ಜನ ಅದಕ್ಕೆ ಧೂಪ ಹಾಕುತ್ತಿದ್ದರು, ಹಿಜ್ಕೀಯ ಅರಸ ಅದನ್ನು ಒಡೆದು ಹಾಕಬೇಕಾಯಿತು. ನಮ್ಮ ಸಭೆಗಳ ವಿಗ್ರಹಗಳು ಹೆಚ್ಚಿನವು ಈ ಜಾತಿಯವು: ಮಕ್ಕಳ ಓದು, ಗಲ್ಫಿನ ದುಡಿಮೆ, ಮನೆತನದ ಹೆಸರು, ಚರ್ಚಿನ ಹಾಡಿನ ಕೊಯರ್, ಸಭೆಯ ಕಟ್ಟಡ. ಮದ್ಯದಂಗಡಿಯಲ್ಲಿ ಹುಡುಕುವುದಕ್ಕಿಂತ ಇಲ್ಲಿ ಹುಡುಕಿದರೆ ಬೇಗ ಸಿಗುತ್ತದೆ.

ಒಳ್ಳೆಯ ಆಸೆ ವಿಗ್ರಹವಾಗಿದೆ ಎಂದು ತಿಳಿಯುವುದು ಹೇಗೆ? ಅದನ್ನು ಪಡೆಯಲಿಕ್ಕೆ ಸುಳ್ಳು ಹೇಳುತ್ತೇನೆಯೇ, ಅದು ಸಿಗದಿದ್ದಾಗ ಯಾರನ್ನಾದರೂ ಶಿಕ್ಷಿಸುತ್ತೇನೆಯೇ? ಎರಡರಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಅಲ್ಲಿ ನಿಂತು ನೋಡಬೇಕು. ಯಾಕೋಬ 4:1-2 ಹೇಳುವುದು ಇದನ್ನೇ. ಜಗಳ ಎಲ್ಲಿಂದ ಬಂತು? ಬೇಕೆಂದದ್ದು ಸಿಗದ ಕಡೆಯಿಂದ.

ಈಗ ಕೆಲಸಕ್ಕೆ ಬರೋಣ. ಪಾಠಕ್ಕಾಗಿ ಜೋಡಿಸಿಕೊಂಡ ಒಂದು ಉದಾಹರಣೆ. ದ್ವಿತೀಯ ಪಿಯುಸಿ ಫಲಿತಾಂಶ ಬಂದಿದೆ. ಉಡುಪಿ, ದಕ್ಷಿಣ ಕನ್ನಡ ಎರಡೂ ಪಟ್ಟಿಯ ಮೇಲ್ತುದಿಯಲ್ಲಿರುವುದು ನಮಗೆ ರೂಢಿ, ಆ ರೂಢಿಯ ಬೆಲೆ ತೆರುವವರು ಮಕ್ಕಳು. ಒಬ್ಬ ತಂದೆಯ ಮಗನಿಗೆ 78 ಪರ್ಸೆಂಟ್. ತಂದೆ ಮೊಬೈಲ್ ಎಸೆದಿದ್ದಾರೆ, ಆವತ್ತಿನಿಂದ ಮಗನ ಹತ್ತಿರ ಮಾತಿಲ್ಲ, ಹನ್ನೊಂದು ದಿನ ಆಯಿತು. ಹೆಂಡತಿಯ ಒತ್ತಾಯಕ್ಕೆ ಬಂದು ಕೂತಿದ್ದಾರೆ. ಅವರ ಮೊದಲ ವಾಕ್ಯ: “ನಾನು ಹೇಳುದು ಅವನ ಒಳ್ಳೇದಕ್ಕೇ.”

ಇದು ಸಮಾಸಪದ. ಬಿಡಿಸಬೇಕು. ‘ಯಾಕೆ ಹಾಗೆ ಮಾಡಿದ್ರಿ’ ಎಂದು ಕೇಳಬೇಡಿ. ‘ಯಾಕೆ’ಗೆ ಉತ್ತರವಾಗಿ ಬರುವುದು ಸಮರ್ಥನೆ. ಮೊದಲು ನಡೆದದ್ದನ್ನು ಗಳಿಗೆ ಗಳಿಗೆಯಾಗಿ ಕೇಳಿ: ಫಲಿತಾಂಶ ಯಾರು ನೋಡಿದ್ದು, ನೀವು ಎಲ್ಲಿ ಕೂತಿದ್ರಿ, ಮೊಬೈಲ್ ಕೈಯಲ್ಲಿದ್ದಾಗ ಪರದೆಯ ಮೇಲೆ ಏನಿತ್ತು? ಈ ಕೊನೆಯ ಪ್ರಶ್ನೆಗೆ ಅವರು ತುಸು ತಡೆದು, “ಫ್ಯಾಮಿಲಿ ಗ್ರೂಪ್ ತೆರೆದಿತ್ತು. ನನ್ನ ತಮ್ಮ ಅವನ ಮಗಳದ್ದು 96 ಅಂತ ಹಾಕಿದ್ದ” ಎನ್ನುತ್ತಾರೆ. ಈಗ ಎರಡನೆಯದು: “ಆ ಗಳಿಗೆಯಲ್ಲಿ ನಿಮಗೆ ಏನು ಬೇಕಿತ್ತು?” ಕೇಳಿ ಸುಮ್ಮನಿರಿ. ಹತ್ತು ಸೆಕೆಂಡ್ ಮೌನ ನಮಗೆ ಹತ್ತು ನಿಮಿಷದ ಹಾಗೆ ಅನಿಸುತ್ತದೆ, ಹೆಚ್ಚಿನ ಸಮಾಲೋಚಕರು ನಾಲ್ಕನೆಯ ಸೆಕೆಂಡಿಗೆ ಒಂದು ವಚನ ಹೇಳಿಬಿಡುತ್ತಾರೆ. ಹೇಳಬೇಡಿ. ಮೂರನೆಯದು: “ಅದು ಸಿಗದೆ ಇದ್ದರೆ ಏನು ಕಳೆದುಹೋಗ್ತದೆ? ಯಾರ ಮುಂದೆ?”

“ಆದಿತ್ಯವಾರ ಆರಾಧನೆ ಮುಗಿದು ಹೊರಗೆ ನಿಂತಾಗ ಕೇಳ್ತಾರಲ್ಲ, ಮಗನಿಗೆ ಎಷ್ಟು ಅಂತ. ನಾನು ಎಂಥ ಹೇಳುದು?”

ವಿಗ್ರಹವಾಕ್ಯ ಸಿಕ್ಕಿತು. ‘ಅವನ ಒಳ್ಳೇದು’ ಎಂಬ ಪದದೊಳಗೆ ಎರಡು ಪದ ಕೂಡಿಕೊಂಡಿದ್ದವು: ಮಗನ ಮೇಲಿನ ನಿಜವಾದ ಪ್ರೀತಿ, ಮತ್ತು ಚರ್ಚಿನ ಪೋರ್ಟಿಕೋದ ಹತ್ತು ನಿಮಿಷ. ಮೊದಲನೆಯದನ್ನು ಅಲ್ಲಗಳೆಯಬೇಡಿ, ಅದೂ ಇದೆ. ಆದರೆ ಮೊಬೈಲ್ ಎಸೆದದ್ದು ಎರಡನೆಯದು. ಅರಸನಾದ ಸೌಲನದ್ದೂ ಇದೇ ರೋಗ. ಜನರಿಗೆ ಹೆದರಿ ಅವರ ಮಾತು ಕೇಳಿದೆ ಎಂದು ಅವನೇ ಪ್ರವಾದಿ ಸಮುವೇಲನ ಮುಂದೆ ಒಪ್ಪಿಕೊಂಡ, ಒಪ್ಪಿಕೊಂಡ ಮೇಲೂ ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು ಬೇಡಿದ. ನಾಲ್ಕನೆಯ ಪ್ರಶ್ನೆ ಮುಂದಿನ ಭೇಟಿಗೆ ಇಡಿ: “ಇದಕ್ಕಾಗಿ ಇಷ್ಟರವರೆಗೆ ಏನೇನು ಕೊಟ್ಟಿದ್ದೀರಿ?” ವಿಗ್ರಹ ಎಂದರೆ ಬಲಿ ಕೇಳುವಂಥದ್ದು. ನಿದ್ದೆ, ಸಾಲ, ಸತ್ಯ, ಹನ್ನೊಂದು ದಿನದ ಮಾತು. ಲೆಕ್ಕ ಅವರೇ ಹಾಕಲಿ.

ಗಮನಿಸಿ, ಇಷ್ಟರಲ್ಲಿ ‘ವಿಗ್ರಹ’ ಎಂಬ ಪದವನ್ನು ಸಮಾಲೋಚಕ ಒಮ್ಮೆಯೂ ಬಳಸಲಿಲ್ಲ. ಮೊದಲ ಎರಡು ಭೇಟಿಯಲ್ಲಿ ಬಳಸಲೇಬಾರದು ಎಂಬುದು ನನ್ನ ಕಟ್ಟುನಿಟ್ಟಿನ ಸಲಹೆ. ಮನುಷ್ಯನ ಹೃದಯದ ಉದ್ದೇಶ ಆಳವಾದ ನೀರು, ವಿವೇಕಿ ಅದನ್ನು ಸೇದುತ್ತಾನೆ ಎಂದು ಜ್ಞಾನೋಕ್ತಿ 20:5ರಲ್ಲಿದೆ. ಸೇದುವುದಕ್ಕೆ ಹಗ್ಗ ನಿಧಾನ ಬಿಡಬೇಕು. ಕೊಡ ದಡಕ್ಕನೆ ಬಿಟ್ಟರೆ ಬರುವುದು ಕೆಸರು.

ವ್ಯವಸ್ಥೆ ಹೀಗಿರಲಿ. ವಾರಕ್ಕೆ ಒಂದು ಭೇಟಿ, 50ರಿಂದ 60 ನಿಮಿಷ, ಆರೋ ಎಂಟೋ ವಾರ. ಒಂದು ತೆಳು ನೋಟ್‌ಬುಕ್, ಪುಟಕ್ಕೆ ಐದು ಕಾಲಂ: ಏನಾಯಿತು, ಏನನಿಸಿತು, ಏನು ಮಾಡಿದೆ, ಆಗ ಏನು ಬೇಕಿತ್ತು, ಕೊನೆಗೆ ಏನು ಸಿಕ್ಕಿತು. ವಾರದಲ್ಲಿ ಐದು ಘಟನೆ ಸಾಕು, ಆಯಾ ದಿನದ ರಾತ್ರಿಯೇ ಬರೆಯಬೇಕು. ಶನಿವಾರ ಕೂತು ಐದನ್ನೂ ಒಟ್ಟಿಗೆ ಬರೆದದ್ದು ಅಕ್ಷರದಲ್ಲೇ ಗೊತ್ತಾಗುತ್ತದೆ, ಎಲ್ಲವೂ ಒಂದೇ ಪೆನ್ನು, ಒಂದೇ ಒತ್ತು. ನಾಲ್ಕನೆಯ ಕಾಲಂ ಮೊದಲ ವಾರ ಖಾಲಿ ಬರುತ್ತದೆ, ಬರಲಿ. ಮೂರನೆಯ ವಾರದ ಹೊತ್ತಿಗೆ ಅಲ್ಲಿ ಒಂದೇ ಪದ ಮತ್ತೆ ಮತ್ತೆ ಕಾಣಿಸತೊಡಗಿದರೆ ಅದಕ್ಕೆ ಅವರೇ ಗೆರೆ ಎಳೆಯಲಿ.

ಎಲ್ಲಿ ಹಾಳಾಗುತ್ತದೆ ಎಂಬುದನ್ನೂ ಹೇಳಬೇಕು. ಅಧಿಕಾರ, ಮೆಚ್ಚುಗೆ, ಸುಖ, ಹಿಡಿತ ಎಂಬ ನಾಲ್ಕು ಮೂಲ ವಿಗ್ರಹಗಳ ಪಟ್ಟಿ ನಮ್ಮ ತರಬೇತಿಗಳಲ್ಲಿ ತುಂಬ ಓಡುತ್ತದೆ. ನೆನಪಿಗೆ ಒಳ್ಳೆಯದೇ. ಆದರೆ ಅದನ್ನು ಜಾತಕದ ಹಾಗೆ ಓದುವವರಿದ್ದಾರೆ, ಐದು ನಿಮಿಷ ಮಾತಾಡಿಸಿ ‘ನಿಮ್ಮದು ಹಿಡಿತ’ ಎಂದುಬಿಡುತ್ತಾರೆ. ಇಬ್ಬರು ಸಾಲ ಮಾಡಿ ದೊಡ್ಡ ಮನೆ ಕಟ್ಟಿಸಿದರೆ ಒಬ್ಬನಿಗೆ ಅದು ನೆಂಟರ ಕಣ್ಣಿಗಾಗಿ, ಇನ್ನೊಬ್ಬನಿಗೆ ಬಾಲ್ಯದಲ್ಲಿ ಬಾಡಿಗೆ ಮನೆಯಿಂದ ಎಬ್ಬಿಸಿದ ಭಯಕ್ಕಾಗಿ. ಸಾಲದ ಮೊತ್ತ ಒಂದೇ, ಹೃದಯ ಬೇರೆ. ಹೆಸರಿಡುವ ಆತುರದಲ್ಲಿ ನಾವು, ನೊಂದವನ ಮೇಲೆಯೇ ತಪ್ಪು ಹೊರಿಸಿದ ಯೋಬನ ಗೆಳೆಯರಾಗುತ್ತೇವೆ. ಆ ಗೆಳೆಯರು ಏಳು ದಿನ ಸುಮ್ಮನೆ ಕೂತಿದ್ದಾಗ ಅವರಲ್ಲಿ ತಪ್ಪೇನೂ ಇರಲಿಲ್ಲ.

ಎಲ್ಲ ನೋವಿಗೂ ವಿಗ್ರಹ ಹುಡುಕುವುದು ಇದಕ್ಕಿಂತ ಅಪಾಯ. ಗಂಡನಿಂದ ಪೆಟ್ಟು ತಿಂದು ಬಂದ ಹೆಂಗಸಿಗೆ ‘ನೆಮ್ಮದಿಯೇ ನಿನ್ನ ವಿಗ್ರಹ’ ಎಂದವರು ಎರಡನೆಯ ಪೆಟ್ಟು ಹಾಕಿದ ಹಾಗೆ. ಅವಳ ಮೇಲೆ ನಡೆದದ್ದು ಇನ್ನೊಬ್ಬರ ಪಾಪ. ಅವಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ, ‘ಸಮಾಲೋಚನೆಯ ಗುಟ್ಟು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಹಸಿವು, ಆಸಕ್ತಿ ಕೆಟ್ಟಿದ್ದರೆ ಡಾಕ್ಟರರ ಹತ್ತಿರ ಕಳಿಸಿ. ಥೈರಾಯ್ಡ್ ಕಡಿಮೆಯಾದವರೂ ಖಿನ್ನತೆಯವರ ಹಾಗೆಯೇ ಕಾಣುತ್ತಾರೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಬರುತ್ತದೆ ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲೂ ರಾತ್ರಿ ಸಿಗುತ್ತದೆ.

ಕುಡಿತದ ವಿಷಯದಲ್ಲಿ ವಿಶೇಷ ಎಚ್ಚರ. ವರ್ಷಗಟ್ಟಲೆ ದಿನಾ ಕುಡಿದವನು ಪಶ್ಚಾತ್ತಾಪದ ಭರದಲ್ಲಿ ಒಂದೇ ಸಲ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿ ನಡುಕ, ಮೊದಲ ಎರಡು ದಿನದೊಳಗೆ ಫಿಟ್ಸ್, ಮೂರು-ನಾಲ್ಕನೆಯ ದಿನ ಬುದ್ಧಿಭ್ರಮೆ ಬರಬಹುದು, ಜೀವವೂ ಹೋಗಬಹುದು. ಪ್ರಾರ್ಥನೆ ಮಾಡಿ, ಆದರೆ ಆಸ್ಪತ್ರೆಯಲ್ಲಿ ಮಾಡಿ.

ವಿಗ್ರಹ ಒಡೆದ ಮೇಲೆ ಏನು? ಗುಡಿಸಿ ಖಾಲಿ ಇಟ್ಟ ಮನೆಗೆ ಏಳು ದೆವ್ವಗಳು ಬಂದು ಸೇರಿಕೊಂಡ ಸಾಮ್ಯವನ್ನು ಯೇಸು ಹೇಳಿದ್ದಾನೆ (ಮತ್ತಾಯ 12). ನಮ್ಮ ಮುರಕಲ್ಲಿನ ಗುಡ್ಡೆಯ ಮೇಲೆ ಮದಗ ತೋಡಿದವರಿಗೆ ಯೆರೆಮೀಯ 2:13 ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ತುಂಬಿದ್ದು ನೋಡಿ ಖುಷಿ, ಬೇಸಿಗೆ ಬಂದಾಗ ತಳದಲ್ಲಿ ಬಿರುಕು. ಯೆರೆಮೀಯ ಎರಡು ತಪ್ಪು ಹೇಳುತ್ತಾನೆ, ಬಿರುಕು ಬಿಟ್ಟ ತೊಟ್ಟಿ ತೋಡಿದ್ದು ಮಾತ್ರವಲ್ಲ, ಜೀವಜಲದ ಬುಗ್ಗೆಯಾದ ದೇವರನ್ನು ಬಿಟ್ಟದ್ದೂ ಸಹ. ತೊಟ್ಟಿ ಮುಚ್ಚಿಸಿ ಕಳಿಸಿದರೆ ಅರ್ಧ ಕೆಲಸ. ಬಾಯಾರಿಕೆ ಹಾಗೇ ಉಳಿಯುತ್ತದೆ, ಆ ಮನುಷ್ಯ ಇನ್ನೊಂದು ಕಡೆ ತೋಡುತ್ತಾನೆ.

ನಮ್ಮ ಉದಾಹರಣೆಯ ತಂದೆಗೆ ‘ಮೆಚ್ಚುಗೆ ಬೇಡಬಾರದು’ ಎಂದರೆ ಉಪಯೋಗವಿಲ್ಲ. ಮತ್ತಾಯ 3:17 ಓದಿಸಿ. ಯೊರ್ದನ್ ಹೊಳೆಯ ದಡದಲ್ಲಿ ‘ಪ್ರಿಯನಾದ ನನ್ನ ಮಗ’ ಎಂಬ ಧ್ವನಿ ಕೇಳಿದಾಗ ಯೇಸು ಇನ್ನೂ ಒಂದು ಸೂಚಕಕಾರ್ಯವನ್ನೂ ಮಾಡಿರಲಿಲ್ಲ, ಒಂದು ಪ್ರಸಂಗವನ್ನೂ ಕೊಟ್ಟಿರಲಿಲ್ಲ. ಫಲಿತಾಂಶಕ್ಕಿಂತ ಮೊದಲೇ ಮೆಚ್ಚುಗೆ. ಕ್ರಿಸ್ತನಲ್ಲಿ ಅದೇ ಮಾತು ತನಗೂ ಬಂದಿದೆ ಎಂದು ಆ ತಂದೆ ಒಂದು ವಾರ ಆ ವಚನದ ಮುಂದೆ ಕೂರಲಿ. ಆಮೇಲೆ ಮಗನ ಹತ್ತಿರ ಹೋಗುವುದು. ಅಲ್ಲಿ ಹೇಳಬೇಕಾದದ್ದು ಮೂರೇ ವಾಕ್ಯ: ನಾನು ಮೊಬೈಲ್ ಎಸೆದದ್ದು ತಪ್ಪು, ನಿನ್ನ ಮಾರ್ಕಿನಿಂದ ನನ್ನ ಮಾನ ಉಳಿಸಿಕೊಳ್ಳಲು ನೋಡಿದೆ, ನನ್ನನ್ನು ಕ್ಷಮಿಸು. ‘ಆದರೆ ನೀನೂ ಸ್ವಲ್ಪ ಓದಬೇಕಿತ್ತು’ ಎಂಬ ನಾಲ್ಕನೆಯ ವಾಕ್ಯ ಬಂದರೆ ಮೊದಲ ಮೂರು ವ್ಯರ್ಥ. ಇದನ್ನು ಕೋಣೆಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸಿ, ನಾಲ್ಕನೆಯ ವಾಕ್ಯ ಖಂಡಿತ ನುಸುಳುತ್ತದೆ.

ಪೋರ್ಟಿಕೋದ ಹತ್ತು ನಿಮಿಷವನ್ನೂ ಬಿಡುವಂತಿಲ್ಲ. ಯಾರಾದರೂ ಕೇಳಿದಾಗ ‘78’ ಎಂದು ಹೇಳಿ, ವಿವರಣೆ ಸೇರಿಸದೆ ನಿಲ್ಲುವುದು. ಮೊದಲ ಆದಿತ್ಯವಾರ ಹೇಳಲಿಕ್ಕಾಗದೆ ಬೇಗ ಬೈಕ್ ಹತ್ತಿ ಹೋದರೆ ಗದರಬೇಡಿ, ನೋಟ್‌ಬುಕ್ಕಿನಲ್ಲಿ ಬರೆಯಲಿ, ಐದೂ ಕಾಲಂ.

ಸಮಾಲೋಚಕನ ಬಗ್ಗೆ ಒಂದು ಮಾತು. ನಾನಿಲ್ಲದೆ ಇವರು ಸರಿಯಾಗುವುದಿಲ್ಲ ಎಂಬ ಭಾವನೆ ನಮ್ಮದೇ ಮೂರ್ತಿ. ಅದರ ಗುರುತು ಸುಲಭ: ಎಂಟನೆಯ ವಾರ ಮುಗಿದರೂ ಭೇಟಿ ನಿಲ್ಲುವುದಿಲ್ಲ, ಫೋನ್ ಬಾರದಿದ್ದರೆ ನಮಗೇ ಕಸಿವಿಸಿ. ಹಾಗಾಗಿ ಮೊದಲ ದಿನವೇ ಕೊನೆಯ ಭೇಟಿಯ ತಾರೀಕು ಬರೆದಿಡಿ. ಆ ದಿನ ನೋಟ್‌ಬುಕ್ಕನ್ನು ಅವರ ಕೈಗೇ ಕೊಡಿ, ನಕಲು ತೆಗೆದಿಟ್ಟುಕೊಳ್ಳಬೇಡಿ. ಒಳಗಿರುವುದು ಅವರ ಅಕ್ಷರ, ಚರ್ಚ್ ಆಫೀಸಿನ ಕಪಾಟಿನಲ್ಲಿ ಇರಬೇಕಾದದ್ದಲ್ಲ.