ಹಿಂಗಾಲು ಎಳೆಯುವ ನಾಯಿ ಮತ್ತು ಎಂ.ಆರ್.ಐ. ಪರೀಕ್ಷೆ

ಕೇಳುಗರೆಲ್ಲರಿಗೂ ನಮಸ್ಕಾರ. ನಿನ್ನೆಯವರೆಗೆ ಓಡಾಡಿಕೊಂಡಿದ್ದ ನಿಮ್ಮ ನಾಯಿ ಇಂದು ಬೆಳಿಗ್ಗೆ ಹಿಂಗಾಲುಗಳನ್ನು ಎಳೆದುಕೊಂಡು ಬಂದರೆ, ಉಳುಕಿರಬೇಕು ಎಂದುಕೊಂಡು ದಿನ ದೂಡಬೇಡಿ. ಅದೇ ದಿನ ಪಶುವೈದ್ಯರಲ್ಲಿಗೆ ಕರೆತನ್ನಿ. ಈ ಒಂದು ಮಾತಿಗಾಗಿಯೇ ನಾನು ಇಲ್ಲಿಗೆ ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ತಮ್ಮ ಆರು ವರ್ಷದ ಡ್ಯಾಶ್‌ಹಂಡ್ ನಾಯಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಉದ್ದ ಬೆನ್ನಿನ, ಗಿಡ್ಡ ಕಾಲಿನ ಈ ತಳಿಗೆ ಬೆನ್ನಿನ ಡಿಸ್ಕ್, ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ, ಜಾರುವುದು ಹುಟ್ಟಿನಿಂದಲೇ ಬಂದ ಅಪಾಯ. ಸೋಫಾದಿಂದ ಜಿಗಿದ ಮರುಕ್ಷಣವೇ ಅದರ ಹಿಂಗಾಲು ಸೋತಿತ್ತು. ಮೊದಲು ತೋರಿಸಿದ ಕಡೆ ಎಕ್ಸ್-ರೇ ತೆಗೆದು, ಮೂಳೆ ಮುರಿದಿಲ್ಲ ಎಂದಿದ್ದರು. ಆ ನೆಮ್ಮದಿಯಲ್ಲಿ ಮನೆಯವರು ನಾಲ್ಕು ದಿನ ಎಣ್ಣೆ ನೀವಿದ್ದರು. ನಾನು ಅದರ ಹಿಂಗಾಲಿನ ಬೆರಳನ್ನು ಚಿಮಟದಿಂದ ಬಲವಾಗಿ ಒತ್ತಿದೆ. ನಾಯಿ ತಿರುಗಿಯೂ ನೋಡಲಿಲ್ಲ; ನೋವಿನ ಅರಿವೇ ಹೋಗಿತ್ತು. "ಎಕ್ಸ್-ರೇ ಸರಿಯಾಗಿತ್ತಲ್ಲ ಡಾಕ್ಟ್ರೇ?" ಎಂದು ಅವರು ಮತ್ತೆ ಮತ್ತೆ ಕೇಳಿದರು. ಎಂ.ಆರ್.ಐ. ಚಿತ್ರದಲ್ಲಿ, ಎದೆಯ ಭಾಗದ ಬೆನ್ನೆಲುಬಿನ ಮೂಳೆಗಳು ಮುಗಿದು ಸೊಂಟದವು ಆರಂಭವಾಗುವೆಡೆ ಡಿಸ್ಕಿನ ತಿರುಳು ಒಡೆದು ಹೊರಬಂದು ಬೆನ್ನುಹುರಿಯನ್ನು ಒತ್ತಿ ಹಿಡಿದಿದ್ದು ಸ್ಪಷ್ಟವಾಗಿ ಕಂಡಿತು. ಶಸ್ತ್ರಚಿಕಿತ್ಸೆ ನಡೆಯಿತು, ಆದರೆ ಆ ನಾಯಿ ಮತ್ತೆ ನಡೆಯಲಿಲ್ಲ. ನೋವಿನ ಅರಿವು ಇನ್ನೂ ಉಳಿದಿರುವಾಗಲೇ ಬಂದ ನಾಯಿಗಳಲ್ಲಿ ಹೆಚ್ಚಿನವು ಎದ್ದು ನಡೆದಿವೆ.

ಎಕ್ಸ್-ರೇ ತೋರಿಸುವುದು ಮೂಳೆಯನ್ನು, ಅದರೊಳಗಿನ ಬೆನ್ನುಹುರಿಯನ್ನಲ್ಲ. ಎಂ.ಆರ್.ಐ. ಯಂತ್ರವು ಪ್ರಬಲ ಅಯಸ್ಕಾಂತದ ನಡುವೆ ದೇಹವನ್ನಿರಿಸಿ, ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳನ್ನು ರೇಡಿಯೋ ತರಂಗಗಳಿಂದ ಮಿಡಿದು, ಅವು ಮರಳಿ ಕೊಡುವ ಸಂಕೇತದಿಂದ ಚಿತ್ರ ಕಟ್ಟುತ್ತದೆ. 1.5 ಟೆಸ್ಲಾ (ಟೆಸ್ಲಾ ಎಂದರೆ ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಆ ತರಂಗ ಸುಮಾರು 64 ಮೆಗಾಹರ್ಟ್ಸ್‌ನದು, ಎಫ್.ಎಂ. ಬಾನುಲಿಗಿಂತ ತುಸುವೇ ಕೆಳಗಿನದು. ಇದರಲ್ಲಿ ಎಕ್ಸ್-ರೇ ವಿಕಿರಣವೇ ಇಲ್ಲ. ಪ್ರಾಣಿ ಅಲುಗಾಡಬಾರದಾದ್ದರಿಂದ ಪೂರ್ಣ ಅರಿವಳಿಕೆ ಕೊಡಬೇಕಾಗುತ್ತದೆ. ಅದಕ್ಕೆ ಹೆದರಿ ನಾಳೆ, ನಾಡಿದ್ದು ಎನ್ನುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ, ಕ್ಷಮಿಸಿ.

ಬೆಕ್ಕುಗಳ ವಿಷಯಕ್ಕೆ ಸಮಯ ಸಾಲದು. ವಯಸ್ಸಾದ ಬೆಕ್ಕಿಗೆ ಮೊದಲ ಬಾರಿ ಅಪಸ್ಮಾರ ಬಂದರೆ ಮಿದುಳಿನ ಪೊರೆಯ ಗಡ್ಡೆಯಿರಬಹುದು, ಅದನ್ನೂ ಎಂ.ಆರ್.ಐ. ಕಾಣಿಸುತ್ತದೆ, ಅನೇಕ ಸಲ ಶಸ್ತ್ರಚಿಕಿತ್ಸೆಯಿಂದ ತೆಗೆಯಲೂ ಸಾಧ್ಯ.

ಬರುವಾಗ ನಾಯಿಯನ್ನು ಹಲಗೆಯ ಮೇಲೆ ಬೆನ್ನು ಬಾಗದಂತೆ ಮಲಗಿಸಿ ತನ್ನಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಮೈಯೊಳಗೆ ಗುರುತಿನ ಮೈಕ್ರೋಚಿಪ್ ಅಥವಾ ಮೂಳೆಗೆ ಹಾಕಿದ ಲೋಹದ ಪಟ್ಟಿ ಇದ್ದರೆ ತಿಳಿಸಿ. ಮತ್ತೆ ಹೇಳುತ್ತೇನೆ, ಅದೇ ದಿನ ಬನ್ನಿ. ನಮಸ್ಕಾರ.