ಅರ್ಧ ಲೋಟ ಕಾಫಿ

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)

ಅಮ್ಮಂದಿರಿಗೆ, ಅಕ್ಕತಂಗಿಯರಿಗೆ ನಮಸ್ಕಾರ.

ನಮ್ಮ ಅಮ್ಮ ಮನೆಯವರಿಗೆಲ್ಲ ಲೋಟದ ತುಂಬ ಕಾಫಿ ಕೊಡುತ್ತಿದ್ದರು. ನನ್ನ ತಮ್ಮನಿಗೆ ಮಾತ್ರ ಅರ್ಧ ಲೋಟ. ಬೆಳಗ್ಗೆ ಅವನ ಕೈ ನಡುಗುತ್ತಿತ್ತು. ತುಂಬ ಕೊಟ್ಟರೆ ಅಂಗಿ ಮೇಲೆ ಚೆಲ್ಲಿಕೊಳ್ಳುತ್ತಾನೆ ಅಂತ ಅರ್ಧ. ಅದನ್ನೂ ಅವನು ಎರಡು ಕೈಯಲ್ಲಿ ಹಿಡಿದು, ತಲೆಯನ್ನೇ ಲೋಟದ ಹತ್ತಿರಕ್ಕೆ ಬಗ್ಗಿಸಿ ಕುಡಿಯುತ್ತಿದ್ದ. ವರ್ಷಗಟ್ಟಲೆ ನೋಡಿದೆವು. ಈ ಕೈ ಯಾಕೆ ನಡುಗುತ್ತೆ ಅಂತ ಯಾರೂ ಡಾಕ್ಟರನ್ನು ಕೇಳಲಿಲ್ಲ. ಬೈದೆವು, ಅತ್ತೆವು, ಇನ್ನು ಕುಡಿಯಲ್ಲ ಅಂತ ಆಣೆ ಹಾಕಿಸಿದೆವು.

ದೇವರ ಮುಂದೆ ಆಣೆ, ಅಮ್ಮನ ತಲೆ ಮುಟ್ಟಿ ಆಣೆ, ಮಗಳ ಮೇಲೆ ಆಣೆ. ಆಣೆ ಇಟ್ಟ ಹೊತ್ತಿನಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ. ಬಿಡಬೇಕು ಅಂತಲೇ ಇತ್ತು ಅವನಿಗೆ. ಮಾರನೇ ದಿನ ಮೈ ಕೇಳುತ್ತಿರಲಿಲ್ಲ. ಇಷ್ಟು ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು.

ದಿನಾ ಕುಡಿಯುವವರ ಮೆದುಳು ಭಾರದ ಗಾಡಿ ಎಳೆಯುವ ಎತ್ತಿನ ಹಾಗೆ. ಹೆಂಡ ಅದನ್ನು ಹಿಂದಕ್ಕೆ ಜಗ್ಗುತ್ತೆ, ಮೆದುಳು ಜೋರಾಗಿ ಮುಂದಕ್ಕೆ ಎಳೆಯುತ್ತೆ. ಹಗ್ಗ ಒಮ್ಮೆಲೇ ಕಿತ್ತುಹೋದರೆ ಎತ್ತು ಮುಗ್ಗರಿಸುತ್ತಲ್ವಾ, ಕುಡಿತ ಒಮ್ಮೆಲೇ ನಿಲ್ಲಿಸಿದರೂ ಹಾಗೇ ಆಗುತ್ತೆ. ಕೊನೇ ಸಲ ಕುಡಿದು ಆರೆಂಟು ಗಂಟೆಗೆ ನಡುಕ, ಬೆವರು ಶುರು. ಒಂದೆರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತೆ. ಎರಡು, ಮೂರು, ನಾಲ್ಕನೇ ದಿನಕ್ಕೆ ಕೆಲವರು ಗೋಡೆ ಮೇಲೆ ಹುಳ ಹರೀತಿದೆ ಅಂತಾರೆ, ಇಲ್ಲದವರ ಜೊತೆ ಮಾತಾಡುತ್ತಾರೆ, ತಾವೆಲ್ಲಿದ್ದೇವೆ ಅಂತಲೇ ಗೊತ್ತಾಗಲ್ಲ. ನಮ್ಮ ಕಡೆ ಇದಕ್ಕೆ ದೆವ್ವ ಮೆಟ್ಟಿದೆ ಅನ್ನುತ್ತಾರೆ. ದಯವಿಟ್ಟು ಆಗ ತಾಯತಕ್ಕೆ ಓಡಬೇಡಿ. ಇದರಲ್ಲಿ ಜೀವ ಹೋಗಬಹುದು. ಸೀದಾ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಮಾಲೆ ಹಾಕುವ ಕಾಲದಲ್ಲಿ ಇದು ಜಾಸ್ತಿ ನೆನಪಿರಬೇಕು. ವ್ರತಕ್ಕೆ ಅಂತ ಒಂದೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಒಳ್ಳೇ ಮನಸ್ಸಿನಿಂದಲೇ ಬಿಡುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುವವರು ಮಾತ್ರ ಮಾಲೆಗೆ ಮೊದಲೇ ಡಾಕ್ಟರ ಹತ್ತಿರ ಹೋಗಬೇಕು. ನಡುಕ ಹತೋಟಿಗೆ ತರುವ ಮಾತ್ರೆಯನ್ನು ಕೆಲವು ದಿನ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ಎಂಟು ದಿನದ ಮದ್ಯವರ್ಜನ ಶಿಬಿರಗಳಿಗೂ ಇದೇ ಮಾತು. ಶಿಬಿರದಲ್ಲಿ ಸಿಗುವ ಜೊತೆ, ಧೈರ್ಯ ದೊಡ್ಡದು. ಆದರೆ ಹಿಂದೆ ಫಿಟ್ಸ್ ಬಂದವರು ಮೊದಲು ಡಾಕ್ಟರಿಗೆ ತೋರಿಸಿಕೊಂಡೇ ಹೋಗಲಿ.

ಈಗ ಪುಡಿಯ ವಿಷಯ. ಹೇಳಲು ಕಷ್ಟ, ಆದರೂ ಹೇಳುತ್ತೇನೆ.

ಊಟದಲ್ಲಿ ಬೆರೆಸಿದರೆ ಸಾಕು, ಅವನಿಗೆ ಗೊತ್ತಾಗದ ಹಾಗೆ ಕುಡಿತ ಬಿಡುತ್ತಾನೆ ಅಂತ ಯಾರೋ ಹೇಳಿದರು. ಅಮ್ಮ ತರಿಸಿದರು. ನಾನೂ ಬೇಡ ಅನ್ನಲಿಲ್ಲ. ಸಾರಿಗೆ ಹಾಕಿ ಬಡಿಸಿದೆವು. ಅವತ್ತು ಸಂಜೆ ಅವನು ಎಂದಿನಂತೆ ಕುಡಿದು ಬಂದ. ಬಾಗಿಲಲ್ಲೇ ಕುಸಿದ. ಮುಖ ಕೆಂಡದ ಹಾಗೆ ಕೆಂಪು, ಎದೆ ಡವಡವ, ಒಂದೇ ಸಮನೆ ವಾಂತಿ. ಆಸ್ಪತ್ರೆಯಲ್ಲಿ ಡಾಕ್ಟರು, "ಏನಾದ್ರೂ ಕೊಟ್ಟಿದ್ದೀರಾಮ್ಮ?" ಅಂದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಮಾತೇ ಬರಲಿಲ್ಲ. ಕೊನೆಗೆ ನಾನೇ ಹೇಳಿದೆ.

ಇಂಥ ಪುಡಿಗಳಲ್ಲಿ ಹಲವು ಸಲ ಡೈಸಲ್ಫಿರಾಂ ಅನ್ನೋ ಔಷಧಿ ಇರುತ್ತೆ. ಹೆಂಡ ಹೊಟ್ಟೆಗೆ ಹೋದ ಮೇಲೆ ಪಿತ್ತಜನಕಾಂಗ ಅದನ್ನು ಮೊದಲು ಒಂದು ವಿಷವಾಗಿ ಮಾಡಿ, ಆಮೇಲೆ ಆ ವಿಷವನ್ನು ಮುರಿಯುತ್ತೆ. ಈ ಔಷಧಿ ಎರಡನೇ ಕೆಲಸ ನಿಲ್ಲಿಸುತ್ತೆ. ವಿಷ ಮೈಯಲ್ಲೇ ಸೇರಿಕೊಳ್ಳುತ್ತೆ, ಬಿ.ಪಿ. ಕುಸಿಯಬಹುದು, ಹೃದ್ರೋಗ ಇದ್ದವರ ಪ್ರಾಣಕ್ಕೇ ಬರಬಹುದು. ಗೊತ್ತಿದ್ದು, ಒಪ್ಪಿ, ಡಾಕ್ಟರ ಮೇಲ್ವಿಚಾರಣೆಯಲ್ಲಿ ತಗೊಂಡರೆ ಇದೇ ಔಷಧಿ ಒಳ್ಳೇದು. ಕದ್ದು ಕೊಟ್ಟರೆ ಅಪಾಯ. ಅವತ್ತಿನಿಂದ ಎಷ್ಟೋ ತಿಂಗಳು ನನ್ನ ತಮ್ಮ ಮನೆಯ ಊಟ ಮುಟ್ಟಲಿಲ್ಲ. ತಟ್ಟೆಯನ್ನು ಮೂಸಿ ನೋಡಿ ತಳ್ಳುತ್ತಿದ್ದ. ಆ ನೋವು ಅಮ್ಮನನ್ನು ಕೊನೇವರೆಗೂ ಬಿಡಲಿಲ್ಲ.

ಹಾಗಾದರೆ ಏನು ಮಾಡಬೇಕು? ಅವರು ಬರದಿದ್ದರೆ ನೀವೊಬ್ಬರೇ ಮೊದಲು ಹೋಗಿ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ನಾನು ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಒಬ್ಬಳೇ ಹೋದೆ. ಅಲ್ಲಿನ ಡಾಕ್ಟರು ಹೇಳಿದ್ದು ಇಷ್ಟೇ. ಕುಡಿದಾಗ ಬುದ್ಧಿ ಹೇಳಬೇಡಿ. ಬೆಳಗ್ಗೆ, ಒಬ್ಬರೇ ಇದ್ದಾಗ, ಅವನಿಗೇ ಕಷ್ಟ ಕೊಡುತ್ತಿರುವ ಒಂದು ವಿಷಯ ಮಾತ್ರ ಮಾತಾಡಿ.

ನಾನು ಕೈಯ ವಿಷಯ ತೆಗೆದೆ. "ಈ ನಡುಕಕ್ಕೆ ಔಷಧಿ ಇದೆ ಕಣೋ. ನಾನೂ ಬರ್ತೀನಿ, ಬಾ" ಅಂದೆ. ಅವನು ಲೋಟ ಕೆಳಗಿಟ್ಟು, "ನಾಳೆ ಹೋಗೋಣ ಅಕ್ಕ" ಅಂದ. "ಒಂಬತ್ತಕ್ಕೆ ಬಸ್ಸಿದೆ, ಇವತ್ತೇ" ಅಂದೆ. ಚೀಟಿ ಮಾಡಿಸುವ ಸಮಯ, ಡಾಕ್ಟರು ಸಿಗುವ ದಿನ ಎಲ್ಲ ಮೊದಲೇ ಕೇಳಿಟ್ಟಿದ್ದೆ. ಒಪ್ಪಿಗೆ ಬಂದ ಗಳಿಗೆ ಬಹಳ ಹೊತ್ತು ನಿಲ್ಲಲ್ಲ. ನೀವೂ ಮೊದಲೇ ಕೇಳಿಟ್ಟುಕೊಳ್ಳಿ.

14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೇ ಅಂತ ಇರೋದು 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಆದರೆ ಎಲ್ಲರೂ ಅಲ್ಲಿಗೇ ಹೋಗಬೇಕಿಲ್ಲ, ಜಿಲ್ಲಾ ಆಸ್ಪತ್ರೆಯಿಂದಲೇ ಶುರುಮಾಡಿ.

ಖಾಸಗಿ ಕೇಂದ್ರಕ್ಕೆ ಸೇರಿಸುವವರು ಸ್ವಲ್ಪ ಕೇಳಿಸಿಕೊಳ್ಳಿ. ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ. ಡಾಕ್ಟರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮನೆಯವರು ನೋಡಬಹುದಾ ಕೇಳಿ. ನಾವು ಹೋದ ಒಂದು ಕಡೆ, ಒಂದು ತಿಂಗಳು ಮುಖವನ್ನೂ ನೋಡುವ ಹಾಗಿಲ್ಲ ಅಂದರು. ವಾಪಸ್ ಬಂದೆವು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತ, ಡ್ರಗ್ಸ್ ತೊಂದರೆಗೂ ಅನ್ವಯಿಸುತ್ತೆ. ಸರಪಳಿ ಹಾಕಿ ಕಟ್ಟುವುದನ್ನು ಅದು ನಿಷೇಧಿಸಿದೆ.

2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಸಮೀಕ್ಷೆ ಪ್ರಕಾರ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಅಂತ ಏನಾದರೂ ಸಿಕ್ಕಿದ್ದು ಒಬ್ಬರಿಗೆ. ಈ ಲೆಕ್ಕ ಓದಿದ ದಿನ ನನಗೆ ನಮ್ಮ ಬೀದಿಯೇ ಕಣ್ಣ ಮುಂದೆ ಬಂತು.

ಇನ್ನೊಂದು ಮಾತು. ಹೊಡೆತ ತಿನ್ನುತ್ತಾ ಯಾರೂ ಕಾಯಬೇಕಿಲ್ಲ. ಮೊದಲು ನೀವೂ ಮಕ್ಕಳೂ ಸುರಕ್ಷಿತವಾಗಿರಿ. ತುರ್ತಿಗೆ 112, ಹೆಣ್ಣುಮಕ್ಕಳ ಸಹಾಯವಾಣಿ 181 ಇವೆ.

ತಮ್ಮ ಒಂದೇ ಸಲಕ್ಕೆ ಬಿಡಲಿಲ್ಲ. ಏಳು ತಿಂಗಳಾದ ಮೇಲೆ, ಒಂದು ಮದುವೆ ಮನೆಯಲ್ಲಿ ಮತ್ತೆ ಶುರುವಾಯಿತು. ಎಲ್ಲ ಹಾಳಾಯಿತು ಅಂತ ನಾನು ಅತ್ತೆ. ಡಾಕ್ಟರು ಮಾತ್ರ, "ಎಷ್ಟು ದಿನ ಆಯ್ತು ಕುಡಿಯೋಕೆ ಶುರುಮಾಡಿ? ಹತ್ತು ದಿನಾನಾ? ಬೇಗ ಬಂದ್ರಿ" ಅಂದರು. ಮತ್ತೆ ಮಾತ್ರೆ ಬರೆದುಕೊಟ್ಟರು.

ನಂಬರುಗಳನ್ನು ಚೀಟಿಯಲ್ಲಿ ಬರೆದು ತಂದಿದ್ದೇನೆ. ಎಲ್ಲರ ಮುಂದೆ ಇಸಕೊಳ್ಳಲು ಕಷ್ಟ ಆಗುವವರಿಗೆ ಅಂತ ಬಾಗಿಲ ಹತ್ತಿರದ ಬೆಂಚಿನ ಮೇಲೂ ಇಟ್ಟಿದ್ದೇನೆ. ಐದು ಗಂಟೆ ಬಸ್ಸಿನವರೆಗೂ ನಾನು ಇಲ್ಲೇ ಇರುತ್ತೇನೆ.