ಹಸಿವಿನ ಲೆಕ್ಕ ಮಗುವಿಗೇ ಗೊತ್ತು

ಕೇಳುಗರೇ, ನಮಸ್ಕಾರ.

ಎರಡು ವರ್ಷದ ಮಗು ಇರುವ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮಗುವಿನ ಎದುರಿಗೆ ಮೊಬೈಲ್, ಅದರಲ್ಲಿ ಹಾಡು. ಹಾಡಿನಲ್ಲಿ ಮೈಮರೆತು ಬಾಯಿ ತೆರೆದರೆ ಸಾಕು, ಒಂದು ತುತ್ತು ಒಳಗೆ. ಮಗು ಅದನ್ನು ದವಡೆಯಲ್ಲೇ ಇಟ್ಟುಕೊಂಡು ಕೂರುತ್ತದೆ. ‘ನುಂಗು ಕಂದಾ’ ಅಂತ ಅಮ್ಮ. ‘ಇದೊಂದೇ, ಕೊನೇ ತುತ್ತು’ ಅಂತ ಅಜ್ಜಿ. ಕೊನೇ ತುತ್ತು ಮಾತ್ರ ಯಾವತ್ತೂ ಕೊನೆಯದಾಗಿರಲ್ಲ, ಅಲ್ವಾ?

ಇದೆಲ್ಲ ಪ್ರೀತಿಯೇ. ಜೊತೆಗೆ, ಮಗುವಿಗೆ ಸಾಲುತ್ತಿಲ್ಲವೇನೋ ಅನ್ನುವ ಹೆದರಿಕೆ. ಹುಟ್ಟಿದಾಗ 3 ಕಿಲೋ ಇದ್ದ ಮಗು ವರ್ಷ ತುಂಬುವಾಗ ಸುಮಾರು 9 ಕಿಲೋ ತೂಗುತ್ತದೆ. ಎರಡನೇ ವರ್ಷ ಪೂರ್ತಿ ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಬೆಳವಣಿಗೆ ನಿಧಾನವಾದ ಮೇಲೆ ಹಸಿವೂ ತಗ್ಗುತ್ತದೆ. ‘ಮೊದಲು ಚೆನ್ನಾಗಿ ತಿನ್ತಿದ್ದ, ಈಗ ಮುಟ್ಟಲ್ಲ’ ಅನ್ನುವ ದೂರು ಶುರುವಾಗುವುದೇ ಈ ವಯಸ್ಸಿನಲ್ಲಿ.

ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ ಇದ್ದರು. ಏನು, ಎಷ್ಟು ತಿನ್ನಬೇಕು ಅನ್ನುವುದನ್ನು ಮಕ್ಕಳಿಗೇ ಬಿಟ್ಟರೆ ಏನಾಗುತ್ತದೆ ಅಂತ, ಆಗತಾನೇ ಎದೆಹಾಲು ಬಿಟ್ಟ 15 ಮಕ್ಕಳ ಮೇಲೆ ಅವರು ಮಾಡಿದ ಪ್ರಯೋಗದ ವರದಿ 1939ರಲ್ಲಿ ಪ್ರಕಟವಾಯಿತು. ಹಾಲು, ಮೊಟ್ಟೆ, ಹಣ್ಣು, ತರಕಾರಿ, ಧಾನ್ಯ, ಮಾಂಸ ಎಲ್ಲ ಸೇರಿ 34 ಪದಾರ್ಥಗಳ ಪಟ್ಟಿ. ದಾದಿ ಚಮಚ ಹಿಡಿದು ಸುಮ್ನೆ ಕೂತಿರಬೇಕು. ಮಗು ಕೈ ತೋರಿಸಿದ್ದನ್ನು ಮಾತ್ರ ಕೊಡಬೇಕು. ತಿನ್ನು ಅನ್ನುವಂತಿಲ್ಲ, ಸಾಕು ಅನ್ನುವಂತಿಲ್ಲ. ಒಂದು ಮಗು ಬೆಳಿಗ್ಗೆ ಕಿತ್ತಳೆ ರಸದ ಜೊತೆ ಈಲಿ, ಅಂದರೆ ಲಿವರ್, ತಿಂದದ್ದೂ ಉಂಟು. ಆದರೂ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದರು. ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆ ಇದ್ದ ಒಂದು ಮಗು, ಪಕ್ಕದಲ್ಲಿಟ್ಟಿದ್ದ ಮೀನೆಣ್ಣೆಯನ್ನು ತಾನಾಗಿಯೇ ಕುಡಿದು, ವಾಸಿಯಾದ ಮೇಲೆ ಬಿಟ್ಟುಬಿಟ್ಟಿತು!

ಗಮನಿಸಿ, ಪಟ್ಟಿ ಮಾಡಿದವರು ದೊಡ್ಡವರು. ಅದರಲ್ಲಿ ಸಕ್ಕರೆ ಇರಲಿಲ್ಲ. ಬಿಸ್ಕತ್ತು, ಚಿಪ್ಸ್ ಮುಂದಿಟ್ಟು ‘ಆರಿಸ್ಕೋ’ ಅಂದರೆ ಈ ಫಲ ಸಿಗಲ್ಲ. ಎಲನ್ ಸ್ಯಾಟರ್ ಎಂಬ ಆಹಾರ ತಜ್ಞೆ ಇದನ್ನೇ ಕೆಲಸ ಹಂಚಿಕೊಳ್ಳುವುದು ಅಂತ ವಿವರಿಸಿದರು. ಏನು, ಯಾವಾಗ, ಎಲ್ಲಿ ಅನ್ನುವುದು ಹೆತ್ತವರದ್ದು. ತಿನ್ನಬೇಕೋ ಬೇಡವೋ, ಎಷ್ಟು ಅನ್ನುವುದು ಮಗುವಿನದು.

ಮನೆಯಲ್ಲಿ ಇದನ್ನು ಮಾಡುವುದು ಕಷ್ಟವೇನಲ್ಲ. ಎಲ್ಲರೂ ಕೂತಾಗ ಮಗುವನ್ನೂ ಕೂರಿಸಿ. ನಿಂಬೆ ಗಾತ್ರದ ಮುದ್ದೆ, ಖಾರ ಕಡಿಮೆಯಿರುವ ಸೊಪ್ಪಿನ ಸಾರು, ಎರಡು ಚಮಚ ಪಲ್ಯ. ಕೈಯಲ್ಲಿ ಹಿಸುಕಲಿ, ಮೂತಿಗೆಲ್ಲ ಮೆತ್ತಿಕೊಳ್ಳಲಿ. ಹುರುಳಿಕಾಯಿ ಉಗುಳಿದರೆ ಬೈಬೇಡಿ, ಇನ್ನೊಂದು ದಿನ ಮತ್ತೆ ಬಡಿಸಿ. ಹೊಸ ರುಚಿ ಒಗ್ಗಲು ಹತ್ತಾರು ಸಲ ಬೇಕಾಗಬಹುದು. ‘ಪಲ್ಯ ಮುಗಿಸಿದ್ರೆ ಚಾಕೊಲೇಟ್’ ಅಂತ ಮಾತ್ರ ಅನ್ನಬೇಡಿ. ಆಗ ಪಲ್ಯ ಶಿಕ್ಷೆಯಾಗುತ್ತದೆ, ಚಾಕೊಲೇಟ್ ಬಹುಮಾನವಾಗುತ್ತದೆ. ಊಟಕ್ಕೆ ಸ್ವಲ್ಪ ಮುಂಚೆ ಹಾಲು ಕೊಟ್ಟು ಹೊಟ್ಟೆ ತುಂಬಿಸುವುದೂ ಬೇಡ. ಮಗು ಮುಖ ತಿರುಗಿಸಿದರೆ ತಟ್ಟೆ ಎತ್ತಿಡಿ.

ತೂಕ ಇಳಿಯುತ್ತಿದ್ದರೆ, ಮಗು ಮಂಕಾಗಿದ್ದರೆ, ನುಂಗಲು ಒದ್ದಾಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡ್ ನೋಡಿ. ಅಲ್ಲಿನ ತೂಕದ ಗೆರೆ ಚೆನ್ನಾಗಿ ಮೇಲೇರುತ್ತಿದ್ದರೆ ನಿಮ್ಮ ಮಗುವಿಗೆ ಊಟ ಸಾಲುತ್ತಿದೆ. ನಮಸ್ಕಾರ.